ಒಸಡಿನ ಚಿಕಿತ್ಸೆಗೆ ಹಣದ ಏರ್ಪಾಡು

ಹಣ ಕೂಡಿದಾಗ ನೋಡಿಕೊಂಡರಾಯಿತೆಂದು ಹಲ್ಲಿನ ಚಿಕಿತ್ಸೆಯನ್ನು ಮುಂದೂಡುವವರು ಬಹು ಮಂದಿ. ಒಸಡು ಜಾರಿ ಹಲ್ಲಿನ ಬೇರು ಬಯಲಾದಾಗ ಈ ಲೆಕ್ಕಾಚಾರವು ತಪ್ಪಾಗುತ್ತದೆ. ಏಕೆಂದರೆ, ಚರ್ಮದ ಗಾಯ ಮಾಯುವಂತೆ ಜಾರಿದ ಒಸಡು ತಾನಾಗಿ ಮರಳಿ ಬೆಳೆಯದು.

ಮಿಲ್ಲರ್ ಎಂಬ ದಂತತಜ್ಞರು 1985ರಲ್ಲಿ ಈ ಜಾರುವಿಕೆಯನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದರು. ಹಲ್ಲುಗಳ ನಡುವಣ ಎಲುಬು ಸವೆಯದಿರುವ ಮೊದಲೆರಡು ವರ್ಗಗಳಲ್ಲಿ ಬೇರನ್ನು ಪೂರ್ಣವಾಗಿ ಮುಚ್ಚುವ ನಿರೀಕ್ಷೆಯುಂಟು. ಮೂರನೆಯದರಲ್ಲಿ ಭಾಗಶಃ ಮಾತ್ರ. ನಾಲ್ಕನೆಯದರಲ್ಲಿ ಆ ಭರವಸೆಯೂ ಇಲ್ಲ. ಎಂದರೆ, ತಡಮಾಡಿದವನು ಹೆಚ್ಚು ಹಣ ತೆತ್ತು ಕಡಿಮೆ ಫಲ ಪಡೆಯಬೇಕಾದೀತು.

ಆದುದರಿಂದ ವೆಚ್ಚವನ್ನು ಹಂತಹಂತವಾಗಿ ಯೋಜಿಸುವುದು ಲೇಸು. ಮೊದಲು ತಪಾಸಣೆ, ಬಳಿಕ ಹಲ್ಲಿಗಂಟಿದ ಗಟ್ಟಿ ಕೊಳೆಯನ್ನು ತೆಗೆಸುವುದು, ಜೊತೆಗೆ ಮೃದುವಾದ ಬ್ರಷ್ಷಿನಿಂದ ಹಗುರವಾಗಿ ಉಜ್ಜುವ ಅಭ್ಯಾಸ. ಇವುಗಳ ಖರ್ಚು ಅಲ್ಪ. ಅನೇಕರಲ್ಲಿ ಜಾರುವಿಕೆ ಇಷ್ಟರಿಂದಲೇ ನಿಲ್ಲುವುದುಂಟು. ಅಂಗುಳಿನಿಂದ ಊತಕವನ್ನು ತೆಗೆದು ಬೇರಿನ ಮೇಲೆ ಕಸಿಮಾಡುವ ಶಸ್ತ್ರಕ್ರಿಯೆಯೇ ದುಬಾರಿಯಾದುದು. ಅದು ಎಲ್ಲರಿಗೂ ಬೇಕಿಲ್ಲ. ಬೇಕಾದರೂ, ಯಾವ ಹಲ್ಲಿಗೆ ಮೊದಲು, ಯಾವುದಕ್ಕೆ ಆಮೇಲೆ ಎಂದು ವೈದ್ಯರನ್ನು ಕೇಳಿ, ವೆಚ್ಚವನ್ನು ಹಂಚಿಕೊಳ್ಳಬಹುದು.

ಭಾರತದಲ್ಲಿ ಸಾಮಾನ್ಯ ಆರೋಗ್ಯವಿಮೆಗಳು ಅಪಘಾತದ ಹೊರತು ಹಲ್ಲಿನ ಚಿಕಿತ್ಸೆಗೆ ಬಹುಮಟ್ಟಿಗೆ ಹಣ ಕೊಡುವುದಿಲ್ಲ. ವಿಮೆಯ ಪತ್ರವನ್ನು ಮೊದಲೇ ಓದಿಕೊಳ್ಳಬೇಕು. ದಂತವೈದ್ಯ ಕಾಲೇಜುಗಳಲ್ಲಾದರೋ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ನೀಡುವುದರಿಂದ ಶುಲ್ಕ ಸಾಮಾನ್ಯವಾಗಿ ಕಡಿಮೆ. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲಿ ಆರಂಭವಾದುದು.

ತಣ್ಣೀರು ತಗುಲಿದೊಡನೆ ಹಲ್ಲು ಜುಮ್ಮೆಂದರೆ ತಪಾಸಣೆಯ ದಿನವನ್ನು ಗೊತ್ತುಮಾಡಿಕೊಳ್ಳಿರಿ. ಅಂದಿನ ಅಲ್ಪ ಖರ್ಚೇ ಮುಂದಿನ ದೊಡ್ಡ ಖರ್ಚನ್ನು ತಪ್ಪಿಸಬಲ್ಲುದು.