ಬಂಧನದಲ್ಲಿರುವವರ ಜೀವ ಯಾರ ಹೊಣೆ?

ಕೈ ನಡುಗುತ್ತಿದ್ದುದರಿಂದ ಲೋಟ ಹಿಡಿದು ನೀರು ಕುಡಿಯುವುದೇ ಅವರಿಗೆ ಕಷ್ಟವಾಗಿತ್ತು. ಎಲ್ಗಾರ್ ಪರಿಷತ್ ಪ್ರಕರಣದಲ್ಲಿ 2020ರ ಅಕ್ಟೋಬರ್ 8ರಂದು ರಾಂಚಿಯಲ್ಲಿ ಬಂಧಿತರಾದಾಗ ಫಾದರ್ ಸ್ಟ್ಯಾನ್ ಸ್ವಾಮಿ ಅವರಿಗೆ 83 ವರ್ಷ. ಸಾಲದ್ದಕ್ಕೆ ಪಾರ್ಕಿನ್ಸನ್ ಕಾಯಿಲೆ. ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಈ ಪಾದ್ರಿ, ತಳೋಜಾ ಜೈಲಿನಲ್ಲಿದ್ದುಕೊಂಡು ಒಂದು ಸ್ಟ್ರಾ ಮತ್ತು ಸಿಪ್ಪರ್‌ಗಾಗಿ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಉತ್ತರ ಕೊಡಲು ತನಿಖಾ ಸಂಸ್ಥೆ ಕೇಳಿದ್ದು 20 ದಿನ!

ಸಿಪ್ಪರ್ ಕೊನೆಗೂ ಸಿಕ್ಕಿತು, ಜಾಮೀನು ಸಿಗಲಿಲ್ಲ. ಕೋವಿಡ್ ತಗುಲಿ, 2021ರ ಜುಲೈ 5ರಂದು ಮುಂಬಯಿಯ ಆಸ್ಪತ್ರೆಯಲ್ಲಿ ತೀರಿಕೊಂಡರು.

ಕಸ್ಟಡಿಯಲ್ಲಿ ಅನಾಹುತ ಎಂದೊಡನೆ ನಮಗೆ ನೆನಪಾಗುವುದು ಲಾಠಿ. ಆದರೆ ಮುದುಕರು, ರೋಗಿಗಳು, ಮಕ್ಕಳು, ಮಾನಸಿಕವಾಗಿ ಕುಗ್ಗಿದವರ ಪಾಲಿಗೆ ತಪ್ಪಿದ ಒಂದು ಮಾತ್ರೆ, ತಡವಾಗಿ ಬಂದ ಡಾಕ್ಟರ್ ಕೂಡ ಪ್ರಾಣಕ್ಕೆ ಕುತ್ತು ತರಬಲ್ಲವು. ಒಳಗಿರುವವನು ತಾನೇ ಎದ್ದು ಔಷಧದ ಅಂಗಡಿಗೆ ಹೋಗುವಂತಿಲ್ಲವಲ್ಲ.

ಕಾನೂನಿಗೆ ಇದು ಗೊತ್ತಿಲ್ಲವೆಂದೇನಲ್ಲ. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಡಿ.ಕೆ. ಬಸು, ಲಾಕಪ್ ಸಾವುಗಳ ಪತ್ರಿಕಾ ವರದಿಗಳನ್ನು ಮುಂದಿಟ್ಟು 1986ರಲ್ಲಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಆ ಪತ್ರವೇ ಅರ್ಜಿಯಾಯಿತು. ತೀರ್ಪು ಬರಲು ಹತ್ತು ವರ್ಷ ಹಿಡಿಯಿತು ಎನ್ನುವುದು ಬೇರೆ ಮಾತು. ಹಿಡಿದೊಯ್ದ ಸುದ್ದಿ ಮನೆಯವರಿಗೋ ಗೆಳೆಯರಿಗೋ ತಿಳಿಯಬೇಕು; ಬಂಧಿತ ಕೇಳಿಕೊಂಡರೆ ಮೈಮೇಲಿನ ಗಾಯಗಳನ್ನು ಆಗಲೇ ಬರೆದಿಟ್ಟು, ಅವನ ಸಹಿಯನ್ನೂ ಹಾಕಿಸಬೇಕು; 48 ಗಂಟೆಗೊಮ್ಮೆ ವೈದ್ಯರು ಪರೀಕ್ಷಿಸಬೇಕು ಎಂದು 1996ರಲ್ಲಿ ಕೋರ್ಟ್ ವಿಧಿಸಿತು. ಗಾಯದ ಪಟ್ಟಿ ಬಂಧಿತನನ್ನಷ್ಟೇ ಅಲ್ಲ, ಪ್ರಾಮಾಣಿಕ ಪೊಲೀಸನನ್ನೂ ಕಾಯುತ್ತದೆ. ಆ ಗಾಯ ಠಾಣೆಗೆ ಬರುವ ಮೊದಲೇ ಇತ್ತೋ, ಬಂದ ಮೇಲೆ ಆಯಿತೋ ಎಂಬ ಪ್ರಶ್ನೆಗೆ ಬೇರೆ ಸಾಕ್ಷಿ ಸಿಗುವುದು ಅಪರೂಪ.

ಮಕ್ಕಳ ವಿಷಯದಲ್ಲಿ ಕಾನೂನು ಇನ್ನೂ ಖಡಕ್ಕು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 18 ತುಂಬದವರನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತೆಯೇ ಇಲ್ಲ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಹೆಂಗಸರನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಸಾಮಾನ್ಯವಾಗಿ ಬಂಧಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆ, 60 ದಾಟಿದವರ ಮತ್ತು ಅಶಕ್ತರ ಬಂಧನಕ್ಕೆ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಬೇಕೆನ್ನುತ್ತದೆ. ಆದರೆ ಇದು ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಿಗೆ ಮಾತ್ರ. ದೊಡ್ಡ ಆರೋಪ ಹೊತ್ತ ಮುದುಕರಿಗೆ ಈ ರಕ್ಷಣೆ ಇಲ್ಲ.

ಇಷ್ಟೆಲ್ಲ ನಡೆಯುತ್ತಿದೆಯೇ ಎಂದು ನೋಡುವವರು ಯಾರು? 2020ರ ಡಿಸೆಂಬರ್‌ನಲ್ಲಿ, ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ, ಪ್ರತಿ ಠಾಣೆಯ ಬಾಗಿಲು, ಲಾಕಪ್, ಪಡಸಾಲೆ, ಇನ್‌ಸ್ಪೆಕ್ಟರ್ ಕೋಣೆಗಳಲ್ಲಿ ಕತ್ತಲಲ್ಲೂ ಕಾಣುವ, ಮಾತನ್ನೂ ದಾಖಲಿಸುವ ಕ್ಯಾಮೆರಾ ಇರಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತು. ದೃಶ್ಯಗಳನ್ನು 18 ತಿಂಗಳು ಉಳಿಸಿಡಬೇಕು. 2025ರ ಸೆಪ್ಟೆಂಬರ್‌ನಲ್ಲಿ, ರಾಜಸ್ಥಾನದ ಕಸ್ಟಡಿ ಸಾವುಗಳ ಬಗೆಗಿನ ಪತ್ರಿಕಾ ವರದಿ ನೋಡಿ, ಠಾಣೆಗಳಲ್ಲಿ ಕೆಲಸ ಮಾಡುವ ಕ್ಯಾಮೆರಾಗಳೇ ಇಲ್ಲವೆಂಬ ವಿಚಾರವನ್ನು ಅದೇ ಕೋರ್ಟ್ ತಾನಾಗಿಯೇ ಮತ್ತೆ ಕೈಗೆತ್ತಿಕೊಳ್ಳಬೇಕಾಯಿತು.