ಮಕ್ಕಳಲ್ಲೂ ಬಿಪಿ: ಮೂತ್ರಪಿಂಡದ ಕಡೆ ಗಮನವಿರಲಿ

ರಕ್ತದೊತ್ತಡ ದೊಡ್ಡವರ ಕಾಯಿಲೆ ಎಂಬ ಭಾವನೆ ನಮ್ಮಲ್ಲಿದೆ. ಹಾಗಾಗಿ ಮಗು ಪದೇ ಪದೇ ತಲೆನೋವು ಎಂದರೆ ಕಣ್ಣು ಪರೀಕ್ಷೆ ಮಾಡಿಸುತ್ತೇವೆ, ಬಿಪಿ ನೋಡಿಸುವುದಿಲ್ಲ. ಆದರೆ ಸಣ್ಣ ಮಕ್ಕಳಲ್ಲಿ ಬಿಪಿ ತೀರಾ ಏರಿದ್ದರೆ ಹೆಚ್ಚಾಗಿ ಮೂತ್ರಪಿಂಡದ ತೊಂದರೆಯೇ ಅದಕ್ಕೆ ಕಾರಣ.

ಮೊದಲು ಅಳತೆ ಸರಿಯಿರಬೇಕು. ತೋಳಿಗೆ ಸುತ್ತುವ ಪಟ್ಟಿ ಚಿಕ್ಕದಾದರೆ ಬಿಪಿ ಹೆಚ್ಚಾಗಿ, ದೊಡ್ಡದಾದರೆ ಕಡಿಮೆಯಾಗಿ ತೋರುತ್ತದೆ. 13 ವರ್ಷದೊಳಗಿನವರಿಗೆ ವಯಸ್ಸು, ಲಿಂಗ, ಎತ್ತರದ ಕೋಷ್ಟಕವಿದೆ. ಮೂರು ಬೇರೆ ಭೇಟಿಗಳಲ್ಲೂ ಅಂಥ 100 ಮಕ್ಕಳಲ್ಲಿ 95 ಮಂದಿಗಿಂತ ಹೆಚ್ಚಿದ್ದರೆ ಅದು ಅಧಿಕ ರಕ್ತದೊತ್ತಡ.

ಬಳಿಕ ಮೂತ್ರ ಪರೀಕ್ಷೆ, ಕ್ರಿಯಾಟಿನಿನ್, ಅಲ್ಟ್ರಾಸೌಂಡ್. ಇವುಗಳ ಜೊತೆ ರಕ್ತದ ಪೊಟ್ಯಾಸಿಯಂ ದೊಡ್ಡ ಸುಳಿವು ನೀಡುತ್ತದೆ. ಮೂತ್ರಪಿಂಡಕ್ಕೆ ಹೋಗುವ ರಕ್ತನಾಳ ಕಿರಿದಾದರೆ, ರಕ್ತ ಸಾಲದೆಂದು ಅದು ರೆನಿನ್ ಸ್ರವಿಸುತ್ತದೆ. ಅದರಿಂದ ಹೆಚ್ಚುವ ಆಲ್ಡೋಸ್ಟೆರೋನ್ ಉಪ್ಪನ್ನು ಹಿಡಿದಿಟ್ಟು ಪೊಟ್ಯಾಸಿಯಂ ಹೊರಹಾಕುತ್ತದೆ. ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಭಾರತದ ಮಕ್ಕಳಲ್ಲಿ ಇದಕ್ಕೆ ಟಕಯಾಸು ಎಂಬ ರಕ್ತನಾಳದ ಉರಿಯೂತ ಮುಖ್ಯ ಕಾರಣ. ಆದುದರಿಂದ ಎರಡೂ ಕೈಗಳ ನಾಡಿ, ಕಾಲಿನ ಬಿಪಿಯನ್ನೂ ನೋಡಬೇಕು. ರೆನಿನ್, ಆಲ್ಡೋಸ್ಟೆರೋನ್ ಎರಡೂ ಕಡಿಮೆಯಿದ್ದರೆ 1963ರಲ್ಲಿ ಲಿಡ್ಲ್ ವಿವರಿಸಿದ ಅಪರೂಪದ ವಂಶವಾಹಿ ದೋಷವಿರಬಹುದು. ಅದಕ್ಕೆ ಅಮಿಲೋರೈಡ್ ಮಾತ್ರೆ ಕೆಲಸ ಮಾಡುತ್ತದೆ.

ಪೊಟ್ಯಾಸಿಯಂ 5.5 ದಾಟಿದ್ದರೆ ಮೂತ್ರಪಿಂಡ ಸೋಲುತ್ತಿರಬಹುದು, ಹೃದಯಕ್ಕೂ ಅಪಾಯ. ಆಗ ಎಳನೀರು, ಬಾಳೆಹಣ್ಣು ಕೊಡಬೇಡಿ. ರಕ್ತ ತೆಗೆಯುವಾಗ ಕಣಗಳು ಒಡೆದರೂ ಸುಳ್ಳು ಏರಿಕೆ ಕಾಣುತ್ತದೆ. ತಕ್ಷಣ ಇನ್ನೊಮ್ಮೆ ಪರೀಕ್ಷಿಸುವುದು, ಇಸಿಜಿ ಮಾಡಿಸುವುದು ಒಳ್ಳೆಯದು.

ಮಗುವಿಗೆ ಹಿಂದೆ ಜ್ವರದೊಂದಿಗೆ ಮೂತ್ರದ ಸೋಂಕು ಬಂದಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ. ಆ ಸೋಂಕು ಬಿಟ್ಟ ಕಲೆ ವರ್ಷಗಳ ನಂತರವೂ ಬಿಪಿ ಏರಿಸಬಲ್ಲದು.