ಬೋಟಿನ ಒಲೆಯಲ್ಲೇ ಇದೆ ಮೊದಲ ಮದ್ದು

ಟ್ರಾಲ್ ಬಲೆಯನ್ನು ಡೆಕ್ಕಿನ ಮೇಲೆ ಬಿಚ್ಚಿದಾಗ ಸಿಗಡಿ, ಬೊಂಡಾಸದ ಜೊತೆ ತೊರಕೆ (ಸ್ಟಿಂಗ್‌ರೇ), ಶೇಡೆ (ಕ್ಯಾಟ್‌ಫಿಶ್), ಒಮ್ಮೊಮ್ಮೆ ಜೀವಂತ ಕಡಲಹಾವೂ ಬೀಳುತ್ತವೆ. ಆ ರಾಶಿಗೆ ಕೈ ಹಾಕಿ ಮೀನು ವಿಂಗಡಿಸುವವರಿಗೆ ಮುಳ್ಳು ಚುಚ್ಚಿದರೆ ಆಸ್ಪತ್ರೆ ಹಲವು ಗಂಟೆ ದೂರ. ಅಲ್ಲಿಯ ತನಕ ನೋಡಿಕೊಳ್ಳಬೇಕಾದವರು ಜೊತೆಗಾರರೇ.

ಕಡಲಜೀವಿಗಳ ಗಾಯಕ್ಕೆ ಪ್ರಥಮ ಚಿಕಿತ್ಸೆಯ ತರಬೇತಿ ಎಂದೊಡನೆ ನೇತ್ರಾಣಿಯಲ್ಲಿ ಮುಳುಗುವ ಡೈವರ್‌ಗಳು, ಬೀಚಿನ ಜೀವರಕ್ಷಕರು ಕಣ್ಮುಂದೆ ಬರುತ್ತಾರೆ. ಅವರಿಗೂ ಬೇಕು, ನಿಜ. ಆದರೆ ಬೋಟಿನವರಿಗೆ, ಕೈರಂಪಣಿ ಬಲೆ ಎಳೆಯಲು ತೀರದ ನೀರಿಗಿಳಿಯುವವರಿಗೆ ಮೊದಲು ಸಿಗಬೇಕು. ಅಪಾಯ ಅವರಿಗೆ ದಿನದ ಕೆಲಸದಲ್ಲೇ ಇದೆ.

ತೊರಕೆಯ ಬಾಲದಲ್ಲಿರುವ ಮುಳ್ಳಿಗೆ ಗರಗಸದಂಥ ಹಲ್ಲು, ಮೇಲೆ ವಿಷದ ಲೋಳೆ. ಶೇಡೆಗೆ ಬೆನ್ನಿನಲ್ಲೊಂದು, ಎರಡೂ ಪಕ್ಕದಲ್ಲಿ ಒಂದೊಂದು ಮುಳ್ಳು. ಈ ವಿಷಗಳಲ್ಲಿರುವ ಪ್ರೋಟೀನು ಬಿಸಿಗೆ ಕೆಡುತ್ತದೆ. ಗಾಯವಾದ ಕೈ ಅಥವಾ ಕಾಲನ್ನು ತಾಳಿಕೊಳ್ಳುವಷ್ಟು ಬಿಸಿಯಾದ, 45 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ 30ರಿಂದ 90 ನಿಮಿಷ ಇಟ್ಟರೆ ನೋವು ಗಣನೀಯವಾಗಿ ಇಳಿಯುತ್ತದೆ. ಬಿಸಿಯನ್ನು ಗಾಯವಾಗದ ಕೈಯಿಂದ ನೋಡಬೇಕು. ನೋವಿನಲ್ಲಿರುವ ಕೈಗೆ ಬಿಸಿ ತಿಳಿಯದೆ ಚರ್ಮ ಬೆಂದೀತು. ಆಳಸಮುದ್ರದ ಬೋಟಿನಲ್ಲಿ ಒಲೆ ಇದ್ದೇ ಇರುತ್ತದೆ. ಹಾಗಾಗಿ ತರಬೇತಿಗೆ ಬೋಟು ನಡೆಸುವ ತಾಂಡೇಲನ ಜೊತೆ ಅಡುಗೆಯವನೂ ಬರಲೇಬೇಕು.

ಎದೆ, ಹೊಟ್ಟೆ ಅಥವಾ ಕುತ್ತಿಗೆಗೆ ಮುಳ್ಳು ನಾಟಿದ್ದರೆ ಕೀಳಕೂಡದು. ಅದು ಅಲುಗದಂತೆ ಸುತ್ತ ಬಟ್ಟೆಯಿಟ್ಟು ದಡಕ್ಕೆ ಹೊರಡಬೇಕು. 2006ರಲ್ಲಿ ಆಸ್ಟ್ರೇಲಿಯಾದ ಬ್ಯಾಟ್ ರೀಫ್‌ನಲ್ಲಿ ಟಿವಿಯ ವನ್ಯಜೀವಿ ಕಾರ್ಯಕ್ರಮಗಳ ಸ್ಟೀವ್ ಇರ್ವಿನ್ ಸತ್ತದ್ದು ತೊರಕೆಯ ಮುಳ್ಳು ಎದೆಗೆ ಹೊಕ್ಕು. ಕೈಕಾಲಿನ ಸಣ್ಣ ಗಾಯವನ್ನೂ ವೈದ್ಯರಿಗೆ ತೋರಿಸಬೇಕು. ಮುಳ್ಳಿನ ಚೂರು ಒಳಗೆ ಉಳಿದು ಕೀವಾಗಬಹುದು, ಟೆಟನಸ್ ಚುಚ್ಚುಮದ್ದೂ ಬೇಕಾಗಬಹುದು.

ಜೆಲ್ಲಿ ಮೀನು ತಾಗಿದರೆ ಮರಳಿನಿಂದ ಉಜ್ಜುವುದು, ಮೂತ್ರ ಹೊಯ್ಯುವುದು, ಸಿಹಿನೀರಿನಲ್ಲಿ ತೊಳೆಯುವುದು ಎಲ್ಲವೂ ತಪ್ಪು. ಚರ್ಮಕ್ಕಂಟಿದ ಎಳೆಗಳಲ್ಲಿ ಇನ್ನೂ ಸಿಡಿಯದ ವಿಷಕೋಶಗಳು ಬೇಕಾದಷ್ಟಿರುತ್ತವೆ. ಉಜ್ಜಿದರೆ, ಸಿಹಿನೀರು ಬಿದ್ದರೆ ಅವೂ ಸಿಡಿಯುತ್ತವೆ. ಸಮುದ್ರದ ನೀರು ಹೊಯ್ದು, ಎಳೆಗಳನ್ನು ಚಿಮಟದಿಂದಲೋ ಕೈಗವಸು ಹಾಕಿಯೋ ತೆಗೆಯಬೇಕು. ವಿನೆಗರ್ ಎಲ್ಲಕ್ಕೂ ಮದ್ದು ಎಂಬ ನಂಬಿಕೆಯನ್ನು ತರಬೇತಿಯಲ್ಲೇ ತಿದ್ದಬೇಕು. ಉತ್ತರ ಆಸ್ಟ್ರೇಲಿಯಾದ ಮಾರಕ ಬಾಕ್ಸ್ ಜೆಲ್ಲಿ ಮೀನಿನ ವಿಷಕೋಶಗಳನ್ನು ಅದು ತಡೆಯುತ್ತದೆಂದು 1980ರಲ್ಲಿ ಅಲ್ಲಿನ ಸಂಶೋಧಕರು ತೋರಿಸಿದರು. ನೀಲಿ ಗುಳ್ಳೆಯಂತೆ ತೇಲಿಬರುವ ಫೈಸೇಲಿಯಾಕ್ಕೆ ವಿನೆಗರ್ ಬೇಡ, ಬಿಸಿನೀರೇ ಸರಿ ಎಂದು ಹೇಳುವುದೂ ಅದೇ ಆಸ್ಟ್ರೇಲಿಯಾದ ಮಾರ್ಗಸೂಚಿ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಮೀಸಲಿಡಬೇಕಾದ ಪಾಠ ಕಡಲಹಾವಿನದು. ಅದು ಕಡಿದಾಗ ನೋವೇ ಇಲ್ಲದಿರಬಹುದು. ಕಡಿಸಿಕೊಂಡವನು ‘ಏನೂ ಆಗಿಲ್ಲ’ ಎಂದು ಮತ್ತೆ ಬಲೆಗೆ ಕೈ ಹಾಕುತ್ತಾನೆ. ಗಂಟೆಗಳು ಕಳೆದಂತೆ ಮೈಯೆಲ್ಲ ನೋವು, ಸ್ನಾಯುಗಳ ಬಿಗಿತ, ರೆಪ್ಪೆ ಜೋಲುವುದು ಶುರುವಾಗಬಹುದು. ಮೂತ್ರ ಕಪ್ಪುಗಂದಾದರೆ ಸ್ನಾಯು ಕರಗುತ್ತಿದೆ, ಮೂತ್ರಪಿಂಡಕ್ಕೆ ಅಪಾಯವಿದೆ ಎಂದರ್ಥ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳಿಗಾಗಿ ತಯಾರಾದದ್ದು. ಕಡಲಹಾವಿನ ವಿಷ ಅದರ ಲೆಕ್ಕದಲ್ಲಿಲ್ಲ. ಆದ್ದರಿಂದ ವೆಂಟಿಲೇಟರ್, ಡಯಾಲಿಸಿಸ್ ಇರುವ ಆಸ್ಪತ್ರೆಗೆ ನೇರವಾಗಿ ಹೋಗಬೇಕು. ಕೊಯ್ಯಬಾರದು, ಹೀರಬಾರದು, ಹಗ್ಗ ಬಿಗಿಯಬಾರದು. ಉಳುಕಿಗೆ ಕಟ್ಟುವಷ್ಟೇ ಬಿಗಿಯಾಗಿ ಇಡೀ ಕೈಗೋ ಕಾಲಿಗೋ ಅಗಲವಾದ ಎಲಾಸ್ಟಿಕ್ ಬ್ಯಾಂಡೇಜ್ ಸುತ್ತಿ, ಆಧಾರಕ್ಕೆ ದಬ್ಬೆ ಕಟ್ಟಿ, ಅಲುಗಾಡದಂತೆ ಮಲಗಿಸುವುದು ಆಸ್ಟ್ರೇಲಿಯಾದಲ್ಲಿ ಕಲಿಸುವ ಕ್ರಮ. ಅದನ್ನು ಕೈಯಾರೆ ಮಾಡಿಯೇ ಕಲಿಯಬೇಕು, ಭಿತ್ತಿಪತ್ರ ಓದಿದರೆ ಬಾರದು.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆ, ಗಂಗೊಳ್ಳಿ, ತದಡಿಯ ಧಕ್ಕೆಗಳಲ್ಲಿ ಬಲೆ ಹೆಣೆಯುವ ಈ 61 ದಿನಗಳಲ್ಲಿ ತರಬೇತಿಗೆ ಒಂದು ಮಧ್ಯಾಹ್ನ ಸಾಕು. ಆಗಸ್ಟ್‌ನಲ್ಲಿ ಹೊರಡುವ ಪ್ರತಿ ಬೋಟಿನ ಪೆಟ್ಟಿಗೆಯಲ್ಲಿ ಬ್ಯಾಂಡೇಜ್, ಚಿಮಟ, ದಪ್ಪ ಕೈಗವಸು, ಒಂದು ಥರ್ಮಾಮೀಟರ್ ಇದೆಯೇ ಎಂದು ಬೋಟಿನ ಮಾಲೀಕರೇ ನೋಡಬೇಕು.